ಪ್ರಾರ್ಥನೆ ಗ್ರೂಪಿನಲ್ಲಿ ಊರವರ ಮನೆ ಸುದ್ದಿ: ವಿಜ್ಞಾಪನೆಯೋ, ಚಾಡಿಯೋ?

ಬೆಟಗೇರಿ ಮಗಳು

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗ್ತದ, ಸಮಾಧಾನದಿಂದ ಓದ್ರಿ.

ನಮ್ಮ ಸಭೆಯ ಹೆಣ್ಣುಮಕ್ಕಳ ಪ್ರಾರ್ಥನಾ ಗ್ರೂಪ್ ವಾಟ್ಸಾಪಿನಲ್ಲಿದೆ. ಬೆಳಿಗ್ಗೆ ಒಬ್ಬರು ವಚನ ಹಾಕ್ತಾರೆ, ಆಮೇಲೆ ದಿನವಿಡೀ ಪ್ರಾರ್ಥನಾ ವಿಜ್ಞಾಪನೆಗಳು. ಆಪರೇಷನ್, ಮಕ್ಕಳ ಪರೀಕ್ಷೆ, ವೀಸಾ, ಸಾಲ, ಎಲ್ಲಾ ಬರ್ತವೆ. ಹೋದ ವಾರ ಬಂದದ್ದು ಹೀಗಿತ್ತು (ಹೆಸರು ತೆಗೆದಿದ್ದೇನೆ): "ಪ್ರಿಯ ಸಹೋದರಿಯರೇ, ಇಂಥವರ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಗಂಡ ಕುಡೀತಾನಂತೆ, ಇವಳದ್ದೂ ಏನೋ ಇದೆ ಅಂತಾರೆ, ದೇವರೇ ಬಲ್ಲ. ಭಾರದಿಂದ ಪ್ರಾರ್ಥಿಸಿರಿ." ಅದರ ಕೆಳಗೆ ಸಾಲಾಗಿ ಕೈಮುಗಿದ ಎಮೋಜಿ. ನಡುವೆ ಒಬ್ಬರದ್ದು, "ಯಾವಾಗಿಂದ?"

ಎರಡು ದಿನದೊಳಗೆ ಆ ತಾಯಿಯನ್ನ ಸಂತೆಯಲ್ಲಿ ಬೇರೆ ಸಭೆಯವರು ನಿಲ್ಲಿಸಿ ಕೇಳಿದ್ದಾರೆ. ಭಾನುವಾರ ಅವರು ಆರಾಧನೆಗೆ ಬರಲಿಲ್ಲ.

ಈಗ ಗ್ರೂಪಿನ ಹಿರಿಯರು ನನ್ನನ್ನ ಅಡ್ಮಿನ್ ಮಾಡಿದ್ದಾರೆ. ಇಂಥಾ ಮೆಸೇಜ್ ಬಂದರೆ ಏನು ಮಾಡ್ಲಿ? ಅಳಿಸಿದರೆ "ಪ್ರಾರ್ಥನೆ ತಡೆದಳು" ಅಂತಾರೆ. ಬಿಟ್ಟರೆ ಮನೆ ಮರ್ಯಾದೆ ಹೋಗ್ತದ. ನಾವು ಬಾಯಿ ತುಂಬಾ ಸ್ತೋತ್ರ ಹೇಳ್ತೀವಿ, ಅದೇ ಬಾಯಿಂದ ಇದೂ ಬರ್ತದ. ಬೈಬಲಿನಲ್ಲಿ ನಾಲಿಗೆ ಬಗ್ಗೆ ಇರೋ ಯಾಕೋಬ 3ನೇ ಅಧ್ಯಾಯ ಓದಿದವರೇ ಎಲ್ಲಾ. ಓದಿದ್ದು ಬಾಯಿಗೆ ಯಾಕ ಇಳಿಯೋದಿಲ್ಲ?

ಮೈಸೂರು ಹುಡುಗ

ಅಕ್ಕಾ, "ಯಾವಾಗಿಂದ?" ಅಂತ ಕೇಳಿದವರು ದೇವರಿಗೆ ತಾರೀಖು ಹೇಳಬೇಕು ಅಂತ ಕೇಳಿರಬಹುದು 😄

ತಮಾಷೆ ಬಿಡಿ. ನಮ್ಮ ಯೂತ್ ಗ್ರೂಪಲ್ಲೂ ಇದೇ ಕಥೆ. ಯಾರಾದ್ರೂ "ಪ್ರೇಯರ್‌ಗೋಸ್ಕರ ಹೇಳ್ತಿದ್ದೀನಿ, ಯಾರಿಗೂ ಹೇಳ್ಬೇಡಿ" ಅಂತ ಶುರು ಮಾಡಿದ್ರೆ ಎಲ್ಲಾರ ಕಿವಿನೂ ನಿಮಿರುತ್ತೆ.

ಕುಡ್ಲದ ಬಾಯಿ

ನಾನು ಕಥೋಲಿಕಳು, ಇಲ್ಲಿ ಹೆಚ್ಚು ಬರೆಯುವವಳಲ್ಲ. ಆದರೆ ಇದಕ್ಕೆ ನಮ್ಮ ಧರ್ಮೋಪದೇಶದಲ್ಲಿ ಸರಿಯಾಗಿ ಲೆಕ್ಕ ಹಾಕಿ ಇಟ್ಟದ್ದು ಉಂಟು. ಕಥೋಲಿಕ ಧರ್ಮೋಪದೇಶದ 2477ನೇ ಕಂಡಿಕೆ, ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಯ ಕೆಳಗೆ ಬರುತ್ತದೆ. ಅಲ್ಲಿ ತಪ್ಪು ಮೂರು ಬಗೆ. ಸಾಕಷ್ಟು ಆಧಾರ ಇಲ್ಲದೆ ಒಬ್ಬರ ಬಗ್ಗೆ ಕೆಟ್ಟದ್ದು ನಂಬುವುದು ಒಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಇವೆರಡರ ನಡುವೆ ಮತ್ತೊಂದು ಉಂಟು ನೋಡಿ: ಒಬ್ಬರ ತಪ್ಪನ್ನು, ಅದು ನಿಜವೇ ಆಗಿದ್ದರೂ, ಸರಿಯಾದ ಕಾರಣ ಇಲ್ಲದೆ ಗೊತ್ತಿಲ್ಲದವರಿಗೆ ತಿಳಿಸುವುದು. ನಮ್ಮ ಪ್ರಾರ್ಥನಾ ಗ್ರೂಪುಗಳು ಬೀಳುವುದು ಇದೇ ಗುಂಡಿಗೆ. "ಸುಳ್ಳು ಹೇಳಿದ್ದಾ ನಾನು? ನಿಜ ಅಲ್ವಾ?" ಅಂತ ಕೇಳುತ್ತಾರೆ. ನಿಜ ಆದ ಮಾತ್ರಕ್ಕೆ ಬಿಡುಗಡೆ ಇಲ್ಲ ಮಾರಾಯ್ರೆ. ಅಷ್ಟೇ ಅಲ್ಲ, 2487ರಲ್ಲಿ ಹಾಳಾದ ಹೆಸರಿಗೆ ಪರಿಹಾರವೂ ಮಾಡಬೇಕು ಅಂತ ಉಂಟು. ಪಾಪನಿವೇದನೆ ಮಾಡಿ ಎದ್ದು ಬಂದರೆ ಮುಗಿಯಲಿಲ್ಲ.

ಇನ್ನೊಂದು. ಬೇರೆಯವರಿಗಾಗಿ ಬೇಡುವುದು ಹೇಗೆ ಅಂತ ನೋಡಬೇಕಾದರೆ ಕಾನಾ ಊರಿನ ಮದುವೆಗೆ ಹೋಗಿ (ಯೋಹಾನ 2). ದ್ರಾಕ್ಷಾರಸ ಮುಗಿಯಿತು. ಮದುವೆ ಊಟದಲ್ಲಿ ಬಡಿಸುವುದು ಖಾಲಿ ಆದರೆ ಆ ಮನೆಯವರ ಸ್ಥಿತಿ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಮಾತೆ ಮರಿಯ ಪಕ್ಕದಲ್ಲಿ ಕೂತ ಹೆಂಗಸರಿಗೆ ಹೇಳಲಿಲ್ಲ. ಮಗನ ಹತ್ತಿರ ಹೋಗಿ, ಅವರಲ್ಲಿ ದ್ರಾಕ್ಷಾರಸ ಇಲ್ಲ ಅಂತ ಒಂದೇ ಮಾತು. ಯಾರ ತಪ್ಪು, ಯಾರು ಲೆಕ್ಕ ತಪ್ಪಿಸಿದ್ದು, ಗಂಡಿನ ಕಡೆಯವರು ಎಷ್ಟು ಜಿಪುಣರು, ಒಂದೂ ಇಲ್ಲ. ಆಮೇಲೆ ಕೆಲಸದವರಿಗೆ, ಆತ ಹೇಳಿದ ಹಾಗೆ ಮಾಡಿ ಅಂತ. ಕೊನೆಗೆ ಔತಣದ ಮೇಲ್ವಿಚಾರಕನಿಗೇ ಆ ರಸ ಎಲ್ಲಿಂದ ಬಂತು ಅಂತ ಗೊತ್ತಿಲ್ಲ! ಮದುಮಗನ ಮಾನ ಉಳಿಯಿತು. ಪ್ರಾರ್ಥನೆ ಅಂದರೆ ಅದು.

ಮೊಣಕಾಲಿನ ಸೇನೆ

ಬೆಟಗೇರಿ ಸಹೋದರಿ, ಕ್ಷಮಿಸಿ, ನಾನು ಒಪ್ಪುವುದಿಲ್ಲ. ಬಹಳ ವರ್ಷಗಳಿಂದ ಮಧ್ಯಸ್ಥಿಕೆಯ ಪ್ರಾರ್ಥನೆ ಮಾಡುವವಳು ನಾನು. ಹೆಸರು, ವಿಷಯ ತಿಳಿಯದೆ ಭಾರ ಹೇಗೆ ಬರುತ್ತದೆ? "ಒಂದು ಕುಟುಂಬಕ್ಕಾಗಿ ಪ್ರಾರ್ಥಿಸಿ" ಅಂದರೆ ಹೆಂಗಸರು ಆಮೆನ್ ಅಂದು ಸಾರಿಗೆ ಒಗ್ಗರಣೆ ಹಾಕಲು ಹೋಗುತ್ತಾರೆ. ಗಲಾತ್ಯ 6:2 ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಅನ್ನುತ್ತದೆ. ಯಾಕೋಬ 5:16 ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನುತ್ತದೆ. ಎಲ್ಲವನ್ನೂ ಮುಚ್ಚಿಡುವ ಸಭೆ ಸತ್ತ ಸಭೆ. ಮೊದಲೆಲ್ಲಾ ಒಂದು ಮನೆಯ ಕಷ್ಟ ಇಡೀ ಸಭೆಯ ಕಷ್ಟ ಆಗಿತ್ತು. ಈಗ ಎಲ್ಲರಿಗೂ ಪ್ರೈವಸಿ ಬೇಕು, ಆಮೇಲೆ "ನನ್ನನ್ನು ಯಾರೂ ವಿಚಾರಿಸಲಿಲ್ಲ" ಅಂತ ಅಳುವುದೂ ಅವರೇ.

ಹಾವೇರಿ ಕಡೆ ಸಭಾಪಾಲಕ

ಮೊಣಕಾಲಿನ ಸೇನೆ ಅಮ್ಮನವರೇ, ನಿಮ್ಮ ಕೊನೆಯ ಮಾತು ನಿಜ. ಮನೆ ಭೇಟಿಗೆ ಹೋದಾಗ ನಾನೂ ಅದನ್ನ ಕೇಳ್ತಿರ್ತೀನಿ. ಆದರೆ ಯಾಕೋಬ 5:16 ಇನ್ನೊಮ್ಮೆ ಓದ್ರಿ. ಅರಿಕೆ ಮಾಡಬೇಕಾದ್ದು ನಮ್ಮ ನಮ್ಮ ಪಾಪ. ಪಕ್ಕದ ಮನೆಯವರ ಪಾಪವನ್ನ ಅವರ ಪರವಾಗಿ ಅರಿಕೆ ಮಾಡಲಿಕ್ಕೆ ಯಾರೂ ನಮಗೆ ವಕಾಲತ್ತು ಕೊಟ್ಟಿಲ್ಲ. ಆ ಹುಡುಗಿ ತಾನೇ ಗ್ರೂಪಿನಲ್ಲಿ ಬರೆದಿದ್ದರೆ ಮಾತು ಬೇರೆ ಇತ್ತು.

ವಿಷಯ ಗೊತ್ತಿಲ್ಲದೆ ಭಾರ ಬರೋದಿಲ್ಲ ಅಂದಿರಿ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನ ನಾಲ್ವರು ಹೊತ್ತು ತಂದರು. ಜನ ಕಿಕ್ಕಿರಿದಿದ್ದಕ್ಕೆ ಮನೆ ಮೇಲೆ ಹತ್ತಿ ಛಾವಣಿ ತೆಗೆದು ಹಾಸಿಗೆ ಸಮೇತ ಇಳಿಸಿದರು. ಭಾರ ಅಂದ್ರೆ ಅದು, ಹೆಗಲು ನೋಯುವಂಥದ್ದು. ಇಡೀ ಪ್ರಸಂಗದಲ್ಲಿ ಆ ನಾಲ್ವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಛಾವಣಿ ಬಿಚ್ಚಿದರು, ಬಾಯಿ ಬಿಚ್ಚಲಿಲ್ಲ. ಅವನ ಪಾಪದ ಮಾತು ಎತ್ತಿದವನು ಯೇಸು ಒಬ್ಬನೇ, ಅದೂ ಕ್ಷಮಿಸಲಿಕ್ಕೆ.

ಬೆಟಗೇರಿ ತಂಗಿ ಕೇಳಿದ್ದಕ್ಕೆ ಬರ್ತೀನಿ. ಗ್ರೂಪಿಗೆ ನಿಯಮ ಬೇಕು, ಉಪದೇಶ ಸಾಲದು. ಡೀಟ್ರಿಚ್ ಬೊನ್‌ಹಾಫರ್ ಹೆಸರು ಕೇಳಿರಬಹುದು, ಹಿಟ್ಲರನ ಕಾಲದ ಜರ್ಮನ್ ಪಾದ್ರಿ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಅದಕ್ಕೆ ಹತ್ತು ವರ್ಷ ಮೊದಲು, 1935ರಲ್ಲಿ, ಅವರು ಫಿಂಕನ್‌ವಾಲ್ಡೆ ಅನ್ನೋ ಊರಲ್ಲಿ ಸಭಾಪಾಲಕರಾಗುವ ಹುಡುಗರಿಗೆ ಸೆಮಿನರಿ ನಡೆಸ್ತಿದ್ದರು. 1937ರಲ್ಲಿ ಗೆಸ್ಟಾಪೊ, ಅಂದ್ರೆ ಹಿಟ್ಲರನ ಗುಪ್ತ ಪೊಲೀಸರು, ಬೀಗ ಹಾಕೋ ತನಕ ನಡೀತು. ಅಲ್ಲಿ ಒಂದು ನಿಯಮ ಇತ್ತು: ಎದುರಿಗೆ ಇಲ್ಲದ ಸಹೋದರನ ಬಗ್ಗೆ ಮಾತಾಡಬಾರದು. ತಪ್ಪಿ ಮಾತಾಡಿದರೆ ಆಮೇಲೆ ಅವನ ಹತ್ತಿರ ಹೋಗಿ, ನಿನ್ನ ಬಗ್ಗೆ ಹೀಗೆ ಮಾತಾಡಿದೆ ಅಂತ ಹೇಳಬೇಕು. ಈ ಎರಡನೇ ಭಾಗವೇ ಮುಖ್ಯ. ನಾಳೆ ಅವಳ ಮುಂದೆ ನಿಂತು ಒಪ್ಪಿಸಬೇಕು ಅಂತ ಗೊತ್ತಿದ್ದರೆ "ಇವಳದ್ದೂ ಏನೋ ಇದೆ ಅಂತಾರೆ" ಅನ್ನೋ ಸಾಲು ಯಾರು ಟೈಪ್ ಮಾಡ್ತಾರೆ?

ಹೊರಗೆ ಗೆಸ್ಟಾಪೊ ಇದ್ದಾಗಲೂ ಅವರು ಒಳಗಿನ ನಾಲಿಗೆಗೆ ನಿಯಮ ಹಾಕಿಕೊಂಡಿದ್ದರು. ನಮಗೆ ಇನ್ನೂ ಅದು ಸಣ್ಣ ವಿಷಯ.

ಕುವೈತ್ ನರ್ಸ್

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ನಮ್ಮ ವಾರ್ಡಿನಲ್ಲಿ ಪೇಷಂಟ್‌ನ ಕಾಯಿಲೆಯನ್ನು ಅವರ ಸ್ವಂತ ಅಣ್ಣ ಫೋನ್ ಮಾಡಿ ಕೇಳಿದರೂ ಹೇಳುವ ಹಾಗಿಲ್ಲ, ಪೇಷಂಟ್ ಒಪ್ಪಬೇಕು. ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಕೂಡ ದನಿ ತಗ್ಗಿಸಿಯೇ ಕೊಡುವುದು. ಅದೇ ನಾವು ಶುಕ್ರವಾರ ಆರಾಧನೆಗೆ ಹೋದರೆ (ಇಲ್ಲಿ ನಮಗೆ ಶುಕ್ರವಾರವೇ ಭಾನುವಾರ) ಮೈಕ್ ಹಿಡಿದು, "ನಮ್ಮ ಸಹೋದರಿಗೆ ಗರ್ಭಕೋಶದಲ್ಲಿ..." ಅಂತ ಶುರು. ಪಕ್ಕದಲ್ಲಿ ಅವರ ಹದಿಹರೆಯದ ಮಗ ಕೂತಿರುತ್ತಾನೆ. ಆಸ್ಪತ್ರೆಗೆ ಇರುವ ಮರ್ಯಾದೆ ಆರಾಧನೆಗೆ ಬೇಡವಾ?

ಆದರೆ ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಂಡ ಕುಡಿಯುತ್ತಾನೆ, ಹೆಂಡತಿ ಮನೆ ಬಿಟ್ಟು ಬಂದಿದ್ದಾಳೆ. ಹೊಡೆಯುತ್ತಾನಾ? ಹೊಡೆಯುವುದಾದರೆ "ಬಾಯಿ ಬಿಚ್ಚಬೇಡಿ" ಅನ್ನುವ ನಿಯಮ ಅವಳನ್ನು ಕೊಲ್ಲುತ್ತದೆ. ಆಗ ಹೇಳಲೇಬೇಕು. ಹೇಳಬೇಕಾದ್ದು ಗ್ರೂಪಿಗಲ್ಲ, ಸಹಾಯ ಮಾಡುವ ಅಧಿಕಾರ ಇರುವವರಿಗೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ದೌರ್ಜನ್ಯದ ಕಾಯ್ದೆ 2005ರಿಂದ ಇದೆ, ರಕ್ಷಣಾಧಿಕಾರಿ ಅಂತ ಇರುತ್ತಾರೆ. ಮತ್ತಾಯ 18:15 ತೋರಿಸಿ "ಮೊದಲು ನೀನೊಬ್ಬಳೇ ಹೋಗಿ ಅವನ ಹತ್ತಿರ ಮಾತಾಡು" ಅಂತ ಹೊಡೆತ ತಿಂದವಳನ್ನು ವಾಪಸ್ ಕಳಿಸುವವರಿದ್ದಾರೆ. ಆ ವಚನ ಅದಕ್ಕಲ್ಲ. ಆ ಮನೆಗೆ ಅಕ್ಕಿ ಇದೆಯಾ, ಮಗುವಿಗೆ ಸ್ಕೂಲ್ ಫೀಸ್ ಕಟ್ಟಿದ್ದಾರಾ ಅಂತ ಗ್ರೂಪಿನಲ್ಲಿ ಯಾರಾದರೂ ಕೇಳಿದರಾ?

ನನ್ನ ಪ್ರಾರ್ಥನೆ ಹೆಚ್ಚಾಗಿ ಕೆಲಸದ ನಡುವೆಯೇ. ಐವಿ ಹಾಕಲು ನರ ಹುಡುಕುವಾಗ, ಹಾಸಿಗೆ ಬಟ್ಟೆ ಬದಲಿಸುವಾಗ. ಪ್ಯಾರಿಸ್‌ನ ಕಾರ್ಮೆಲೈಟ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಇದ್ದರು, 1691ರಲ್ಲಿ ತೀರಿಕೊಂಡರು. ಅಡುಗೆಮನೆ ಕೆಲಸ. ಅದು ಅವರಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲವಂತೆ, ಅದೇ ನನಗೆ ಹಿಡಿಸಿದ್ದು. ಪಾತ್ರೆಗಳ ಸದ್ದಿನ ನಡುವೆಯೂ ಮೊಣಕಾಲೂರಿದಷ್ಟೇ ಶಾಂತಿಯಿಂದ ದೇವರ ಜೊತೆ ಇರುತ್ತಿದ್ದರು. ಎಡೆಬಿಡದೆ ಪ್ರಾರ್ಥಿಸಿ ಅನ್ನುವುದು ನಮ್ಮಂಥವರಿಗೆ ಆ ರೀತಿಯಲ್ಲಿ ಮಾತ್ರ ಸಾಧ್ಯ. ಪೇಷಂಟ್ ಹೆಸರು ಬಾಯಿಗೆ ಬರಬೇಕಾಗಿಯೇ ಇಲ್ಲ, ಕೈ ಅವರ ಮೈಮೇಲೇ ಇರುತ್ತದೆ.

ಶಿವಾಜಿನಗರ ಬಟ್ಟೆ ಅಂಗಡಿ

ಎಲ್ಲಾರೂ ಚಾಡಿ ಮಾತಲ್ಲೇ ಇದ್ದೀರ. ನಮ್ಮ ವ್ಯಾಪಾರದ ಮಾತಿಗೂ ಸ್ವಲ್ಪ ಬನ್ನಿ.

ಬಟ್ಟೆ ವ್ಯಾಪಾರದಲ್ಲಿ ಬೆಳಿಗ್ಗೆ ಶಟರ್ ಎತ್ತಿದಾಗಿಂದ ಸುಳ್ಳೇ ಬಂಡವಾಳ. "ಅಕ್ಕಾ, ದೇವರಾಣೆ ಅಸಲೇ ಬರಲ್ಲ." "ಬೋಣಿ ಟೈಮು, ನಿಮಗೋಸ್ಕರ ಕೊಡ್ತಿದ್ದೀನಿ." ನೈಟಿ ಒಂದಕ್ಕೆ ಮುನ್ನೂರೈವತ್ತು ಹೇಳೋದು, ಅವರು ನೂರೈವತ್ತು ಕೇಳೋದು, ಇನ್ನೂರಿಪ್ಪತ್ತಕ್ಕೆ ಮುಗಿಸೋದು. ಅಷ್ಟರಲ್ಲಿ ದೇವರ ಮೇಲೆ ಎಷ್ಟು ಆಣೆ ಹೋಗಿರುತ್ತೋ. ಮತ್ತಾಯ 5:37, ನಿಮ್ಮ ಮಾತು ಹೌದಾದ್ರೆ ಹೌದು, ಅಲ್ಲ ಅಂದ್ರೆ ಅಲ್ಲ ಅಂತಿರಲಿ ಅನ್ನೋದು, ಕೌಂಟರ್ ಮೇಲೇ ಹೊಡೀತು ನನಗೆ.

ಇಂಗ್ಲೆಂಡಲ್ಲಿ 17ನೇ ಶತಮಾನದಲ್ಲಿ ಕ್ವೇಕರ್ ಅಂತ ಒಂದು ಪಂಗಡ. ಇದೇ ವಚನ ಹಿಡ್ಕೊಂಡು ಕೋರ್ಟಲ್ಲಿ ಆಣೆ ಇಡಲ್ಲ ಅಂದ್ರು, ಜೈಲಿಗೆ ಹೋದ್ರು. ಆಣೆ ಇಟ್ಟಾಗ ಮಾತ್ರ ನಿಜ ಹೇಳ್ತೀನಿ ಅಂದ್ರೆ ಬೇರೆ ಹೊತ್ತಲ್ಲಿ ಸುಳ್ಳು ಹೇಳ್ತೀನಿ ಅಂತ ಒಪ್ಕೊಂಡ ಹಾಗೆ ಅನ್ನೋದು ಅವರ ವಾದ. ಕೊನೆಗೆ 1690ರ ದಶಕದಲ್ಲಿ ಆಣೆ ಬದಲು ದೃಢವಾಗಿ ಹೇಳಿದ್ರೆ ಸಾಕು ಅಂತ ಕಾನೂನೇ ಬಂತು. ನಮ್ಮ ದೇಶದ 1969ರ ಪ್ರಮಾಣ ಕಾಯ್ದೇಲೂ ಆ ಅವಕಾಶ ಇದೆ. ಅವರ ಅಂಗಡೀಲಿ ಚೌಕಾಸಿ ಇರಲಿಲ್ಲ. ಒಂದೇ ರೇಟು, ಮಗು ಬಂದ್ರೂ ಅದೇ ರೇಟು. ಮೊದಮೊದಲು ಗಿರಾಕಿ ಬರಲಿಲ್ಲ, ಆಮೇಲೆ ನಂಬಿಕೆ ಬಂತು.

ನಾನೂ ರೇಟು ಚೀಟಿ ಅಂಟಿಸಿದೆ. ಇಲ್ಲಿ ಅಷ್ಟು ಸುಲಭ ಇಲ್ಲ ಸ್ವಾಮಿ. ಚೌಕಾಸಿ ಮಾಡದೆ ತಗೊಂಡ್ರೆ ನಮ್ಮ ಹೆಣ್ಣುಮಕ್ಕಳಿಗೆ ನಿದ್ದೆ ಬರಲ್ಲ. "ಇಷ್ಟು ವರ್ಷದ ಗಿರಾಕಿ, ಇಪ್ಪತ್ತು ರೂಪಾಯಿ ಬಿಡಲ್ವಾ?" ಅಂತ ಬೈದು ಎದುರಂಗಡಿಗೆ ಹೋಗ್ತಾರೆ. ಹಬ್ಬದ ಸೀಸನ್ನಲ್ಲಿ ವ್ಯಾಪಾರ ಇಳೀತು, ಅದನ್ನ ಮುಚ್ಚಿಡಲ್ಲ. ದೇವರು ಆಶೀರ್ವದಿಸಿ ಎರಡರಷ್ಟು ಕೊಟ್ಟ ಅಂತ ಸಾಕ್ಷಿ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಆದ್ರೆ ಅಂಗಡಿ ಹುಡುಗರು ಈಗ ಆಣೆ ಇಡಲ್ಲ. ಮುಸ್ಲಿಂ ಹುಡುಗ ಒಬ್ಬ ಇದ್ದಾನೆ, "ಭಾಯ್, ನಮ್ಮಲ್ಲೂ ಇದೇ ಇದೆ" ಅಂದ.

ಮೈಸೂರು ಹುಡುಗ

ಅಣ್ಣಾ, ಇದು ಸಾಕ್ಷಿ! ಎರಡರಷ್ಟು ಬಂದಿಲ್ಲ ಅಂದಿದ್ದಕ್ಕೇ ನಂಬಿಕೆ ಬಂತು.

ನನ್ನದೊಂದು ಪ್ರಶ್ನೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ. ವಿಧೇಯತೆ ಅಂದ್ರೆ ಏನು? ನಾನು ಮೊದಲು ಹೋಗ್ತಿದ್ದ ಒಂದು ಕೂಟದಲ್ಲಿ ಕೆಲಸ ಬದಲಿಸೋಕೂ ನಾಯಕರ ಒಪ್ಪಿಗೆ ಬೇಕಿತ್ತು. ಕೇಳದೆ ಸೇರಿದ್ರೆ "ಅವಿಧೇಯತೆಯ ಆತ್ಮ" ಅಂತ ಎಲ್ಲರ ಮುಂದೆ ಹೆಸರು ಹಿಡಿದು ಪ್ರಾರ್ಥನೆ. ನಾಯಕರ ಮಾತು ಕೇಳಿ ಅನ್ನೋ ಇಬ್ರಿಯ 13:17 ಗೋಡೆ ಮೇಲೇ ಬರೆದಿದ್ರು. ಅಕ್ಕ ಹೇಳಿದ ಮೆಸೇಜ್‌ಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲ್ಲ. ಎರಡರಲ್ಲೂ ಕಣ್ಣು ಮುಚ್ಚಿ ದೇವರ ಜೊತೆ ಮಾತಾಡೋ ಹಾಗೆ ಇನ್ನೊಬ್ಬರಿಗೆ ಬಡಿಯೋದೇ.

ಮಾಸ್ತರ್, ಧಾರವಾಡ

ತಮ್ಮಾ, ಸರಿಯಾಗಿ ಹಿಡದಿ ನೋಡು. ದೇವರ ಕಡೆ ಮುಖ ಮಾಡಿ ಮಂದಿಗೆ ಮಾತಾಡೋ ಪ್ರಾರ್ಥನಾ ಬಾಳ ಹಳೇ ರೋಗ. ಲೂಕ 18ರಾಗಿನ ಫರಿಸಾಯ, ತಾನೇ ಧರ್ಮನಿಷ್ಠ ಅಂತ ಮೆರೆಯೂ ಯೆಹೂದ್ಯ, ಪಕ್ಕದ ಸುಂಕದವನನ್ನ ಪ್ರಾರ್ಥನೆಯೊಳಗ ಎಳದು ತಂದ, "ಇವನಂಗ ನಾನಿಲ್ಲ" ಅಂತ.

ಇಬ್ರಿಯ 13:17 ಬರದ ಗೋಡೆ ಮ್ಯಾಲೆ 1 ಪೇತ್ರ 5:3 ಬರೀಲಿಕ್ಕೂ ಜಾಗಾ ಇತ್ತು. ಹಿರಿಯರು ಮಂದೆ ಮ್ಯಾಲೆ ದೊರೆತನ ಮಾಡಬಾರದು, ಮಾದರಿಯಾಗಿರಬೇಕು ಅಂತ ಅದರಾಗ ಅದ. ಅಪೊಸ್ತಲರ ಕೃತ್ಯ 5:29 ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತದ. ನೌಕರಿ ಬದಲ ಮಾಡಿದ್ದಕ್ಕ ಅವಿಧೇಯತೆಯ ಆತ್ಮ ಬರೂದಿಲ್ಲ, ಬಂದರ ಹೊಸಾ ಪಗಾರ ಬರ್ತದ.

ಇನ್ನ ವಿಧೇಯತೆ ಅಂದ್ರ ಏನು. 1 ಸಮುವೇಲ 15 ನನಗ ಭಾಳ ಸೇರೂ ಅಧ್ಯಾಯ. ಶತ್ರು ಅಮಾಲೇಕ್ಯರ ದನಾ ಕುರಿ ಏನೂ ಉಳಿಸಬಾರದು ಅಂತ ಅರಸ ಸೌಲಗ ದೇವರ ಅಪ್ಪಣೆ ಆಗಿತ್ತು. (ಆ ಅಪ್ಪಣೆನ ನಮ್ಮನ್ನ ತೊಡಕಿನಾಗ ಹಾಕ್ತದ, ಅದು ಬ್ಯಾರೆ ಚರ್ಚೆ, ಇಲ್ಲೆ ಬ್ಯಾಡ.) ಪ್ರವಾದಿ ಸಮುವೇಲ ಬಂದಕೂಡ್ಲೆ ಸೌಲ ಮೊದಲು ಆಶೀರ್ವಾದದ ಮಾತಾಡ್ತಾನ, ಆಮ್ಯಾಲೆ ದೇವರ ಅಪ್ಪಣೆ ಪೂರೈಸೇನಿ ಅಂತಾನ. ಅದಕ್ಕ ಸಮುವೇಲ ವಾದಾನೇ ಮಾಡೂದಿಲ್ಲ. ಹಂಗಾರ ನನ್ನ ಕಿವಿಗೆ ಬೀಳೂ ಈ ಕುರಿಗಳ ಕೂಗು ಏನು ಅಂತ ಕೇಳ್ತಾನ. ಸೌಲನ ಉತ್ತರ ಕೇಳ್ರಿ: ಅವು ದೇವರಿಗೆ ಯಜ್ಞಾ ಮಾಡಲಿಕ್ಕೆ ಇಟ್ಟದ್ದು! ಬೆಟಗೇರಿ ಮಗಳು ಬರದದ್ದು ಓದಿದಾಗ ನನಗ ಇದೇ ನೆನಪಾತು. ಯಾಕ ಹೇಳಿದ್ರಿ ಅಂದ್ರ, ಪ್ರಾರ್ಥನಾಕ್ಕ ಹೇಳಿದ್ವಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳು ಧಾರವಾಡಕ್ಕ ಬಂದದ್ದು 1837ರಾಗ, ನಿಮ್ಮ ಬೆಟಗೇರಿಗೆ 1841ರಾಗ. ಅವರ ಶಿಸ್ತು ಕೆಲವು ಕಡೆ ವಿಪರೀತನ ಇತ್ತು, ಅದನ್ನ ಹೊಗಳೂದಿಲ್ಲ. ಆದರ ಅವರು ಜೋಡಿ ತಂದ ಲೂಥರನ ಸಣ್ಣ ಕ್ಯಾಟೆಕಿಸಮ್, ಅಂದ್ರ ಧರ್ಮೋಪದೇಶದ ಪುಸ್ತಕ, 1529ರದ್ದು, ಸುಳ್ಳುಸಾಕ್ಷಿಯ ಆಜ್ಞಾಕ್ಕ ಛಲೋ ವಿವರಣೆ ಕೊಡ್ತದ. ನೆರೆಯವನ ಹೆಸರು ಕೆಡಸಬಾರದು ಅಂತ ಅಷ್ಟಕ್ಕ ಬಿಡೂದಿಲ್ಲ. ಅವನ ಪರವಾಗಿ ಮಾತಾಡಬೇಕು, ಅವನ ಬಗ್ಗೆ ಒಳ್ಳೇದು ಹೇಳಬೇಕು, ಅವನ ನಡತಿಗೆ ಆದಷ್ಟು ಒಳ್ಳೆ ಅರ್ಥಾ ಹಚ್ಚಬೇಕು ಅಂತದ. ಅಂದಮ್ಯಾಲೆ ಗ್ರೂಪಿನೊಳಗ ಸುಮ್ಮನ ಇದ್ದವರೂ ಪಾಸಾಗೂದಿಲ್ಲ. "ಆ ಹುಡುಗಿ ನನಗ ಗೊತ್ತು, ಛಲೋ ಹುಡುಗಿ, ಈ ಮಾತು ಇಲ್ಲಿಗೇ ಬಿಡ್ರಿ" ಅಂತ ಒಬ್ಬಾಕಿ ಬರೀಬೇಕಿತ್ತು.

ನಾವು ಸಣ್ಣವರಿದ್ದಾಗ ಕರ್ತನ ಭೋಜನದ ಹಿಂದಿನ ಶನಿವಾರ ಸಿದ್ಧತಾ ಕೂಟ ಇರ್ತಿತ್ತು. ಅದು ಮುಗದ ಮ್ಯಾಲೆ ನಮ್ಮವ್ವ ಸೆರಗು ಹೊದ್ದುಕೊಂಡು, ಮಾತು ಬಿಟ್ಟವರ ಮನೀಗೆ ಹೋಗಿ ಚಾ ಕುಡದು ಬರ್ತಿದ್ದಳು. ಕ್ಷಮಿಸು ಅಂತ ಬಾಯಿಬಿಟ್ಟು ಅಂತಿದ್ದಳೋ ಇಲ್ಲೋ. ಚಾ ಮಾತ್ರ ಕುಡೀತಿದ್ದಳು.

ಮೊಣಕಾಲಿನ ಸೇನೆ

ಮಾಸ್ತರರೇ, ಫರಿಸಾಯ ಅಂದಿರಿ, ನೋವಾಯಿತು. ನಾನು ಯಾರ ಸುದ್ದಿಯನ್ನೂ ಹೊರಗೆ ಹೇಳಿದವಳಲ್ಲ. ವಿವರ ಬೇಕು ಅನ್ನುವ ನನ್ನ ಮಾತು ಈಗಲೂ ಅದೇ. ಆದರೆ ನೂರಾರು ಜನರ ಗ್ರೂಪಿನಲ್ಲಿ ಅಲ್ಲ, ಒಪ್ಪುತ್ತೇನೆ. ಇಬ್ಬರು ಮೂವರು ನಂಬಿಕಸ್ಥರು, ಅದೂ ಆ ಕುಟುಂಬವೇ ಆರಿಸಿಕೊಂಡವರು. ಅಲ್ಲಿ ಎಲ್ಲಾ ಹೇಳಿ ಅಳಬಹುದು. ಅಂಥ ಜಾಗ ಇಲ್ಲದ ಸಭೆಯಲ್ಲಿ ನೀವು ಗ್ರೂಪಿಗೆ ಎಷ್ಟು ಬೀಗ ಹಾಕಿದರೂ ಸುದ್ದಿ ಕಿಟಕಿಯಿಂದ ಹೋಗುತ್ತದೆ.

ಮಾಸ್ತರ್, ಧಾರವಾಡ

ಫರಿಸಾಯ ಅಂದದ್ದು ನಿಮಗಲ್ಲ ತಂಗಿ, ಆ ಹುಡುಗ ಹೇಳಿದ ನಾಯಕಗ. ಇಬ್ಬರು ಮೂವರು ಅಂದ್ರಲ್ಲ, ಅದು ನೂರಕ್ಕ ನೂರು ಖರೆ.

ಕುಡ್ಲದ ಬಾಯಿ

ಆಮೇಲೆ ಪೋಪ್ ಫ್ರಾನ್ಸಿಸ್ ಹೇಳಿದ್ದೂ ಉಂಟು. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಜೋರಿದ್ದಾಗಲೇ, ಗಾಸಿಪ್ ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದರು. ಬೇರೆ ಸಲ ನಾಲಿಗೆ ಕಚ್ಚಿಕೊಳ್ಳಿ ಅಂತಲೂ ಹೇಳಿದ್ದರು. ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಅಬ್ಬಾ ಅಗಾಥೋನ್ ಅಂತೂ ಮೌನ ಕಲಿಯಲಿಕ್ಕೆ ಮೂರು ವರ್ಷ ಬಾಯಲ್ಲಿ ಕಲ್ಲು ಇಟ್ಟುಕೊಂಡಿದ್ದರಂತೆ.

ಮೈಸೂರು ಹುಡುಗ

ಟೈಪ್ ಮಾಡೋಕೆ ಬಾಯಿ ಬೇಡವಲ್ಲ ಆಂಟಿ. ಹೆಬ್ಬೆರಳಿಗೆ ಏನು ಕಟ್ಟೋಣ?

ಬೆಟಗೇರಿ ಮಗಳು

ಎಲ್ಲಾರಿಗೂ ಧನ್ಯವಾದ. ನರ್ಸ್ ಅಕ್ಕಾ, ನಿಮ್ಮದು ಓದಿದ ಮ್ಯಾಲೆ ಇನ್ನೊಬ್ಬರನ್ನ ಕರ್ಕೊಂಡು ಆ ಮನೆಗೆ ಹೋಗಿ ಬಂದೆ. ಏನು ಮಾತಾಡಿದ್ವಿ ಅಂತ ಇಲ್ಲಿ ಬರೆಯೋದಿಲ್ಲ, ಬರೆದರೆ ಈ ಚರ್ಚೆಗೆ ಅರ್ಥನೇ ಇಲ್ಲ. 181ರ ನಂಬರ್ ಕೊಟ್ಟು ಬಂದೆವು.

ಗ್ರೂಪಿಗೆ ಇದನ್ನ ಹಾಕಬೇಕು ಅಂತ ಮಾಡೀನಿ, ತಿದ್ದಿ ಕೊಡ್ರಿ:

"ಸಹೋದರಿಯರೇ, ಇನ್ನು ಮುಂದೆ ಈ ಗ್ರೂಪಿನಲ್ಲಿ ನಮ್ಮ ನಮ್ಮ ವಿಜ್ಞಾಪನೆ ಮಾತ್ರ ಹಾಕೋಣ. ಬೇರೆಯವರದ್ದು ಹಾಕಬೇಕಾದರೆ ಅವರನ್ನು ಕೇಳಿ, ಅವರು ಒಪ್ಪಿದಷ್ಟೇ ಹಾಕೋಣ. 'ಅಂತೆ', 'ಅಂತಾರೆ' ಅಂತ ಬರುವ ಸಾಲು ಬೇಡ. ಯಾರಿಗಾದರೂ ಮನಸ್ಸು ಬಿಚ್ಚಿ ಹೇಳಿಕೊಳ್ಳಬೇಕಾಗಿದ್ದರೆ ಸಭಾಪಾಲಕರ ಮನೆಯ ಅಮ್ಮನವರಿಗೆ ಫೋನ್ ಮಾಡಬಹುದು. ಅಕ್ಕಿ, ಔಷಧಿ, ಗಾಡಿ ಏನಾದರೂ ಬೇಕಾದರೆ ನನಗೆ ಹೇಳಿ."

ಹಾವೇರಿ ಕಡೆ ಸಭಾಪಾಲಕ

ಛಲೋ ಅದ. "ಅಮ್ಮನವರಿಗೆ" ಅಂತ ಹಾಕೋ ಮೊದಲು ಅಮ್ಮನವರನ್ನ ಕೇಳ್ರಿ. ನಮ್ಮ ಮನೆಯಲ್ಲಿ ಕೇಳದೆ ಹಾಕಿದ್ದರೆ ನನಗೆ ಊಟ ಸಿಗ್ತಿರಲಿಲ್ಲ.

ಶಿವಾಜಿನಗರ ಬಟ್ಟೆ ಅಂಗಡಿ

"ಮಾಡೋಣ, ಹಾಕೋಣ" ಬೇಡ ತಂಗಿ. "ಹಾಕಬೇಡಿ" ಅಂತಾನೇ ಬರಿ. ಚೌಕಾಸಿಗೆ ಜಾಗ ಬಿಟ್ರೆ ಮಾಡ್ತಾರೆ.

ಬೆಟಗೇರಿ ಮಗಳು

ಸರಿ ಅಣ್ಣಾ, ತಿದ್ದಿದೆ. ಅಮ್ಮನವರೂ ಒಪ್ಪಿದರು, ರಾತ್ರಿ ಒಂಬತ್ತರ ನಂತರ ಮಾಡಬ್ಯಾಡ್ರಿ ಅಂದ್ರು. ಈಗ ಉಳಿದದ್ದು ಒಂದೇ. ಬೆಳಿಗ್ಗೆ ಐದಕ್ಕೆ ಆರು ನಿಮಿಷದ ವಾಯ್ಸ್ ಮೆಸೇಜ್ ಕಳಿಸೋ ಹಿರಿಯರೊಬ್ಬರಿದ್ದಾರೆ. ಅವರು ಓದೋದಿಲ್ಲ, ಬರೀ ಮಾತಾಡ್ತಾರೆ. ಅವರಿಗೆ ಯಾರು ಹೇಳೋದು?

ಮಾಸ್ತರ್, ಧಾರವಾಡ

ಮನೀಗೆ ಹೋಗು. ಚಾ ಕುಡಿ.